ಖಾಲಿ ತೋಟೆಯ ಅಲೆದಾಟ

ಮಾರನೇ ದಿನ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಕೋವಿಯ ಖಾಲಿ ತೋಟೆಗೆ ಮತ್ತೆ ತುಂಬ್ಕೊಂಡು ಸಿಡಿಯೋ ಆಸೆ. ಅಂಗಡೀಲಿ ನೋಡಿದ್ರೆ ಸಿಡಿಮದ್ದೂ ಇಲ್ಲ, ಅದಕ್ಕೆ ಕಿಡಿ ಹೊತ್ತಿಸೋ ಕೇಪೂ ಇಲ್ಲ. ತೋಟೆ ಪಕ್ಕದ್ಮನೆ ಮದ್ದಿನ ಡಬ್ಬಿ ಹತ್ರ ಹೋಯ್ತು.

“ಡಬ್ಬಕ್ಕಾ, ಒಂದ್ಚೂರು ಮದ್ದು ಕೊಡೇ.”

“ಶ್! ಕುತ್ತಿಗೆವರೆಗೂ ಇದೆ ಕಣೋ. ಮೊದ್ಲು ಕೇಪು ತಗೊಂಡ್ಬಾ. ಯಾರಿಗೂ ಹೇಳ್ಬೇಡ.”

ಎದುರುಮನೆ ಕೇಪಿನ ಪೆಟ್ಟಿಗೆ ಅಂತು, “ನನ್ಹತ್ರ ಬೇಕಾದಷ್ಟಿದೆ. ಮೊದ್ಲು ಮದ್ದು ತಗೊಂಡ್ಬಾ. ಬಾಯಿ ಬಿಟ್ಟೀಯಾ, ಜೋಕೆ!”

ಇವೆರಡೂ ದಿನಾ ಬೇಲಿ ಹತ್ರ ನಿಂತು “ಏನೂ ಸಿಗಲ್ಲಪ್ಪಾ” ಅಂತ ಒಟ್ಟಿಗೇ ಗೋಳಾಡೋವು!

ಪಂದ್ಯದ ಮೈದಾನದಲ್ಲಿ ಕೋವಿ ಗದರ್ತು, “ಖಾಲೀನೇ ಬಂದ್ಯಲ್ಲೋ! ಸಾಮಾನು ಎಲ್ಲೂ ಇಲ್ವಾ?”

ತೋಟೆ ಕಕ್ಕಾಬಿಕ್ಕಿಯಾಗಿ ಅಂತು, “ಎರಡು ಮನೇಲಿ ತುಂಬಿ ತುಳುಕ್ತಿದೆ, ಕೋವಿಯಣ್ಣಾ. ಊರಲ್ಲಿ ಮಾತ್ರ ಇಲ್ಲ. ಅದ್ಹೆಂಗೆ ಅಂತ ನನ್ನ ಕೇಳ್ಬೇಡ.”