ಸದ್ದಿಲ್ಲದ ಸೈಕಲ್ಲು

“ಗುರುಗಳೇ, ಒಳ್ಳೆಯದು ಮಾಡಿದವನಿಗೇ ಬೈಗುಳ ಬೀಳುವುದೇಕೆ?”

ಕೇಳಿದ ಶಿಷ್ಯನ ಮುಖ ಊದಿಕೊಂಡಿತ್ತು. ಹಿಂದಿನ ಸಂಜೆ ಅವನು ಮಠದ ದೋಸೆಕಾವಲಿಗೆ ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದ. ಇಪ್ಪತ್ತು ವರ್ಷ ಎಣ್ಣೆ ಕುಡಿದು ಕಪ್ಪಾಗಿದ್ದ ಕಾವಲಿ ಅದು. ಬೆಳಿಗ್ಗೆ ಒಂದು ದೋಸೆಯೂ ಮೇಲೇಳಲಿಲ್ಲ. ಅಡುಗೆಯ ಪಂಪಯ್ಯನವರು ಸಟ್ಟುಗ ಕೆಳಗಿಟ್ಟು, ಇಡೀ ಮಠಕ್ಕೆ ಕೇಳಿಸುವಂತೆ ಶಿಷ್ಯನ ಮೂರು ತಲೆಮಾರನ್ನು ನೆನೆದಿದ್ದರು.

“ನನಗೂ ದೋಸೆ ಚೂರು ಚೂರೇ ಬಂತಪ್ಪ,” ಎಂದರು ಗುರುಗಳು. “ಕೂತುಕೋ. ಒಂದು ಸೈಕಲ್ಲಿನ ಕತೆ ಇದೆ, ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದರು. ನಿವೃತ್ತರಾದ ಮೇಲೆ ಅವರಿಗೆ ಹಳೆಯ ಸೈಕಲ್ಲುಗಳನ್ನು ಮನೆಯಲ್ಲೇ ಬಿಚ್ಚಿ ಹೊಸದು ಮಾಡುವ ಹುಚ್ಚು ಹಿಡಿಯಿತು. ಹುಚ್ಚು ಎಂದೆನೆಂದು ಹಗುರವಾಗಿ ತಿಳಿಯಬೇಡ, ಅಂಥ ಸುಖ ಲೋಕದಲ್ಲಿ ಕಡಿಮೆ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ಅಚ್ಚಿನ ಬೇರಿಂಗ್ ಗುಂಡುಗಳನ್ನು ತೆಂಗಿನ ಕರಟದಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಬೇಕು. ತುಕ್ಕು ಕೆರೆಯುತ್ತ ಹೋದರೆ ಎಂದೋ ಹಚ್ಚಿದ್ದ ಹಸಿರು ಬಣ್ಣ ಅಡಿಯಿಂದ ಇಣುಕುತ್ತದೆ. ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಚಕ್ರ ತಿರುಗಿಸಿದರೆ, ಅದು ಕೂದಲೆಳೆಯಷ್ಟೂ ಅತ್ತಿತ್ತ ಆಡದೆ ತಿರುಗಬೇಕು. ಹಾಗೆ ತಿರುಗಿದ ದಿನ ಮೇಷ್ಟ್ರನ್ನು ಹಿಡಿಯುವವರಿಲ್ಲ.

“ನಮ್ಮ ಬಚ್ಚಲಿನ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಅದಕ್ಕೂ ಎರಡು ಗಾಲಿ ಹಾಕಿ ತಂದು ನಿಲ್ಲಿಸಲೇನು?” ಎಂದು ಹೆಂಡತಿ ಕೇಳುತ್ತಿದ್ದಳು. ಮೇಷ್ಟ್ರು ನಗುತ್ತಿದ್ದರು, ನಲ್ಲಿ ತೊಟ್ಟಿಕ್ಕುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಹೂವಾಡಿಗ. ಯಾವುದೋ ಜ್ವರದಲ್ಲಿ ಅವನ ದನಿ ಹೋಗಿತ್ತು. ಮಾತಾಡಿದರೆ ಪಿಸುಮಾತು, ಕೂಗಹೋದರೆ ಬರಿಯ ಗಾಳಿ. ಆದರೂ ಬೆಳಗಿನ ಪೂಜೆಯ ಹೊತ್ತಿಗೆ ಮೂರು ಬೀದಿಗಳಲ್ಲಿ ಹೂವು ಮಾರಿ ಮುಗಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ತನ್ನ ಸೈಕಲ್ಲನ್ನು ಮೇಷ್ಟ್ರ ಮನೆಗೆ ತಂದ.

“ಬ್ರೇಕು ಹಿಡೀತಿಲ್ಲ ಮೇಷ್ಟ್ರೇ. ಅಷ್ಟು ನೋಡಿಕೊಡಿ. ನಾಳೆ ಬೆಳಿಗ್ಗೆ ಬೇಕು.”

ಬ್ರೇಕು ಅರ್ಧ ಗಂಟೆಯ ಕೆಲಸ. ಆದರೆ ಮೇಷ್ಟ್ರ ಕಣ್ಣು ಉಳಿದದ್ದರ ಮೇಲೆ ಬಿತ್ತು. ಅಚ್ಚಿನಲ್ಲಿ ಗ್ರೀಸಿಲ್ಲ, ಕಡ್ಡಿಗಳು ಸಡಿಲ, ಹಿಂದಿನ ಮಡ್‌ಗಾರ್ಡು ನೆಲದ ಮೇಲೆ ನಾಲ್ಕು ಹೆಜ್ಜೆ ತಳ್ಳಿದರೆ ಸಾಕು ಬಡಬಡ ಬಡಿದುಕೊಳ್ಳುತ್ತದೆ. ಮೇಷ್ಟ್ರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೂರ್ತಿ ಬಿಚ್ಚಿದರು.

ಎಂಟು ದಿನ ಹಿಡಿಯಿತು. ಹೂವಾಡಿಗ ಬುಟ್ಟಿ ತಲೆಯ ಮೇಲೆ ಹೊತ್ತು, ಬಾಗಿಲು ಬಾಗಿಲು ತಟ್ಟಿ, ಒಂದು ಬೀದಿ ಮುಗಿಸುವಷ್ಟರಲ್ಲಿ ಪೂಜೆಯ ಹೊತ್ತು ಮೀರುತ್ತಿತ್ತು. ದಿನವೂ ಸಂಜೆ ಬಂದು ನಿಲ್ಲುತ್ತಿದ್ದ.

“ಬ್ರೇಕು ಆಯ್ತಾ?”

“ಅದು ಅವತ್ತೇ ಆಯ್ತು ಮಾರಾಯ. ಬಾಕಿಯದ್ದು ಮಾಡ್ತಿದ್ದೇನೆ.”

“ಬಾಕಿಯದ್ದು ನಾನು ಹೇಳಲೇ ಇಲ್ಲವಲ್ಲ.”

“ನೀನು ಯಾಕೆ ಹೇಳಬೇಕು? ನನಗೆ ಕಣ್ಣಿಲ್ಲವೇ?”

ಒಂಬತ್ತನೆಯ ದಿನ ಸೈಕಲ್ಲು ಸಿದ್ಧವಾಯಿತು. ಹಸಿರು ಬಣ್ಣ, ಹೊಸ ಬೆಲ್ಲು, ಬಿಗಿಯಾದ ಮಡ್‌ಗಾರ್ಡು. ಬೀದಿಯಲ್ಲಿ ಅದು ಬೆಕ್ಕು ನಡೆದಂತೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಮೇಷ್ಟ್ರು ನೋಡಿ, ಕೈ ಒರೆಸಿಕೊಂಡರು.

ಅದಾದ ನಾಲ್ಕನೆಯ ದಿನ ಹೂವಾಡಿಗ ತಿರುಗಿ ಬಂದ. ಬುಟ್ಟಿಯ ತುಂಬ ಬಾಡಿದ ಹೂವು. ಸಿಟ್ಟು ನೆತ್ತಿಗೇರಿತ್ತು, ಆದರೂ ಪಿಸುಮಾತೇ.

“ನನ್ನ ಗಂಟಲು ಕಿತ್ತುಬಿಟ್ಟಿರಲ್ಲ ಮೇಷ್ಟ್ರೇ. ಆ ಬಡಬಡ ಕೇಳಿದರೆ ನಾನು ಬಂದೆ ಅಂತ ಹೆಂಗಸರು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ಈಗ ನಾನು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.”

“ಹೊಸ ಬೆಲ್ಲು ಹಾಕಿದ್ದೇನಲ್ಲಯ್ಯ. ಬಾರಿಸು.”

“ಬೆಲ್ಲು ಎಲ್ಲರ ಸೈಕಲ್ಲಿಗೂ ಇದೆ. ಬೆಲ್ಲು ಬಾರಿಸಿದರೆ ಜನ ದಾರಿ ಬಿಡ್ತಾರೆ. ಬಾಗಿಲು ತೆಗೆಯೋದಿಲ್ಲ.”

ಮೇಷ್ಟ್ರು ಸ್ವಲ್ಪ ಯೋಚಿಸಿ, ಹಿಂದಿನ ಗಾಲಿಯ ಬಳಿ ಒಂದು ಖಾಲಿ ಡಬ್ಬ ಕಟ್ಟಿ ಕಳಿಸಿದರು. ಮರುದಿನ ಮೂರು ಬೀದಿಯ ಬಾಗಿಲುಗಳೂ ತೆರೆದವು. ಹೆಂಗಸರು ಹಳೆಯ ಪೇಪರು, ಒಡೆದ ಬಕೆಟ್ಟು ಹೊತ್ತು ಬಂದರು. ಗುಜರಿಯವನು ಬಂದನೆಂದು ತಿಳಿದಿದ್ದರು. ಆ ಧೂಳಿನ ಕೈಯಲ್ಲಿ ದೇವರ ಹೂವು ಮುಟ್ಟುವುದು ಹೇಗೆ? ಮಡಿ ಕೆಡಿಸಿದನೆಂದು ಹೂವಾಡಿಗನಿಗೇ ಬೈದು ಒಳಗೆ ಹೋದರು.

ಹೂವಾಡಿಗ ಡಬ್ಬವನ್ನು ತಂದು ಮೇಷ್ಟ್ರ ಜಗಲಿಯ ಮೇಲೆ ಕುಕ್ಕಿದ. “ನನಗೆ ನನ್ನ ಸದ್ದು ಕೊಡಿ. ಅದಿಲ್ಲದಿದ್ದರೆ ನಾಳೆಯಿಂದ ಹೂವು ಕಟ್ಟುವುದೇ ಬೇಡ ಅಂದಿದ್ದಾಳೆ ನನ್ನ ಹೆಂಡತಿ.”

ಮೇಷ್ಟ್ರು ಮಡ್‌ಗಾರ್ಡಿನ ತಿರುಪು ಸಡಿಲಿಸಿದರು. ಕಿರಕಿರ ಎಂದಿತು. ಇನ್ನೊಂದು ಸಡಿಲಿಸಿದರು. ಸುಮ್ಮನಾಯಿತು. “ಮೊದಲು ಸರಿಯಾಗಿ ಹೇಗಿತ್ತಯ್ಯ?” ಎಂದರು. ಹೂವಾಡಿಗ ಬಾಯಿ ತೆರೆದ. ಗಾಳಿ ಬಂತು. ಎಂಟು ದಿನ ಸೈಕಲ್ಲು ಕೈಯಲ್ಲಿದ್ದರೂ ಮೇಷ್ಟ್ರಿಗೆ ಆ ಸದ್ದು ನೆನಪಾಗಲಿಲ್ಲ.

“ಇಲ್ಲಿ ಕೂತು ಸ್ಪ್ಯಾನರ್ ತಿರುಗಿಸಿದರೆ ನೆನಪಾಗುತ್ತದೆಯೇ? ಆ ಬೀದಿಯವರಿಗೆ ಗೊತ್ತಿರುತ್ತದೆ, ಹೋಗಿ,” ಎಂದಳು ಮೇಷ್ಟ್ರ ಹೆಂಡತಿ.

ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಮನೆಮನೆಯ ಮುಂದೆ ನಿಂತು, ಹೂವಿನ ಸೈಕಲ್ಲು ಹೇಗೆ ಬಡಿದುಕೊಳ್ಳುತ್ತಿತ್ತಮ್ಮ ಎಂದು ವಿಚಾರಿಸಿದರು. ಒಬ್ಬಳು ಗಡಗಡ ಎಂದಳು. ಒಬ್ಬಳು ಜಣಜಣ ಎಂದಳು. ಒಬ್ಬಳು ಬಾಗಿಲು ಹಾಕಿಕೊಂಡಳು. ಮೂರನೆಯ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು.

“ಗಡಗಡ ಅಲ್ಲಪ್ಪ. ಗಡ್ ಗಡ್ ಟಿಣ್. ಮೋರಿಕಲ್ಲು ದಾಟುವಾಗ ಮಾತ್ರ ಎರಡು ಟಿಣ್. ದೂರದ ಗಡ್ ಗಡ್ ಟಿಣ್ ಕೇಳಿದರೆ ನಾನು ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ, ಎರಡು ಟಿಣ್ ಕೇಳಿದರೆ ಏಳುತ್ತಿದ್ದೆ. ಮಂಡಿನೋವು ನೋಡು, ಸುಮ್ಮಸುಮ್ಮನೆ ಎದ್ದು ಕೂತು ಮಾಡುವುದಕ್ಕಾಗುವುದಿಲ್ಲ.”

ಸದ್ದು ಅಡಗಿಸುವುದಕ್ಕೆ ಮೇಷ್ಟ್ರಿಗೆ ಎಂಟು ದಿನ ಸಾಕಾಗಿತ್ತು. ಅದನ್ನು ಹುಟ್ಟಿಸಲು ಹದಿನೈದು ದಿನ ಬೇಕಾಯಿತು. ವಾಷರು ತೆಗೆದರು, ಹಾಕಿದರು, ಸವೆಸಿದರು. ಮಡ್‌ಗಾರ್ಡಿನ ತುದಿಯನ್ನು ತಾವೇ ಸುತ್ತಿಗೆಯಿಂದ ಬಗ್ಗಿಸಿದರು. ದಿನಕ್ಕೆರಡು ಸಲ ಮೋರಿಕಲ್ಲಿನ ತನಕ ತಳ್ಳಿಕೊಂಡು ಹೋಗಿ, ಮುದುಕಿಯಿಂದ “ಇಲ್ಲ” ಅನ್ನಿಸಿಕೊಂಡು ಬಂದರು.

ಹದಿನಾರನೆಯ ಬೆಳಿಗ್ಗೆ ಹೂವಾಡಿಗ ಮೋರಿಕಲ್ಲು ದಾಟಿದ. ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಕೊನೆಯ ಮನೆಯ ಮುದುಕಿ ತಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. “ಎಲ್ಲಿ ಹಾಳಾಗಿ ಹೋಗಿದ್ದೆಯೋ ಇಷ್ಟು ದಿನ?” ಎಂದಳು. ಹೂವಾಡಿಗ ಒಂದು ಮೊಳ ಅಳೆದು, ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದ ಊತ ಇನ್ನೂ ಇಳಿದಿರಲಿಲ್ಲ.

“ಆದರೂ ಗುರುಗಳೇ, ಮೊದಲ ಸಲದ ಕೆಲಸದಲ್ಲಿ ಒಂದು ತಿರುಪೂ ತಪ್ಪಿರಲಿಲ್ಲವಲ್ಲ?”

“ರಿಪೇರಿ ಎರಡು ಸಲ ಮಾಡಿದರಪ್ಪ, ಕೇಳಿ ಮಾಡಿದ್ದು ಒಂದೇ ಸಲ.”