ಬೆಳ್ಳಿ ತಾಟಿನಲ್ಲಿ ಫಕೀರಪ್ಪ ಬಡಿಸಿದ್ದು

ಹುಬ್ಬಳ್ಳಿಯ ಒಂದು ಓಣಿಯಲ್ಲಿ ನೀಲವ್ವ ಅಂತ ಒಬ್ಬಾಕೆ ಇದ್ದಳು. ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುವುದು ಆಕೆಯ ಕಸುಬು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಫಕೀರಪ್ಪ. ವಯಸ್ಸು ಮೂವತ್ತೆರಡು. ಆಳು ಗಟ್ಟಿಮುಟ್ಟು, ಮನಸ್ಸು ಬೆಣ್ಣೆ. ತಲೆ ಮಾತ್ರ ಹೇಳಿದಷ್ಟೇ ಓಡುತ್ತಿತ್ತು. ಹೇಳಿದ್ದಕ್ಕಿಂತ ಒಂದು ಗೇಣು ಮುಂದೆ ಹೋಗುತ್ತಿರಲಿಲ್ಲ, ಒಂದು ಗೇಣು ಹಿಂದೆಯೂ ನಿಲ್ಲುತ್ತಿರಲಿಲ್ಲ.

ಮೊದಲು ಒಂದು ಸೀರೆ ಅಂಗಡಿಯಲ್ಲಿ ಇದ್ದ. ಬಂದವರಿಗೆಲ್ಲ ಅಂಗಡಿಯ ಎಲ್ಲಾ ಸೀರೆ ತೋರಿಸು ಅಂತ ಅಲ್ಲಿಯ ಸಾಹುಕಾರ ಹೇಳಿದ್ದ. ಯಾರದೋ ಮನೆಯ ದಾರಿ ಕೇಳಲು ಒಳಗೆ ಬಂದ ಮುದುಕಿಯೊಬ್ಬಳನ್ನು ಕೂರಿಸಿ, ಇದ್ದಬದ್ದ ಸೀರೆಯನ್ನೆಲ್ಲ ಬಿಚ್ಚಿ ಸಂಜೆತನಕ ತೋರಿಸಿದ. ಮರುದಿನ ಆ ಕೆಲಸ ಹೋಯಿತು.

ನೀಲವ್ವನಿಗೆ ಮೊಣಕಾಲು ನೋವು ಸುರುವಾಗಿತ್ತು. ಒಲೆಯ ಮುಂದೆ ಕೂತಾಗಲೆಲ್ಲ ಒಂದೇ ಚಿಂತೆ. "ನಾ ಹ್ವಾದ ಮ್ಯಾಲ ಇವನಿಗೆ ಹೇಳಾವರು ಯಾರು?" ಅನ್ನುತ್ತಿದ್ದಳು. ಹೇಳುವವರಿಲ್ಲದಿದ್ದರೆ ಅವನು ಊಟಕ್ಕೂ ಏಳುವವನಲ್ಲ ಅಂತ ಆಕೆಗೆ ಗೊತ್ತಿತ್ತು.

ಆಕೆಯ ರೊಟ್ಟಿ ಹೋಗುತ್ತಿದ್ದ ಹೋಟೆಲುಗಳಲ್ಲಿ ಎಲ್ಲಕ್ಕಿಂತ ದುಬಾರಿಯದು ಅಂದರೆ 'ಬೆಳ್ಳಿ ತಾಟು'. ಹತ್ತೇ ಮೇಜು, ಒಳಗೆಲ್ಲ ತಂಪು ಗಾಳಿ, ಮೇಜಿಗೆ ಬಿಳೀ ಬಟ್ಟೆ, ಮಾತಾಡಿದರೂ ಪಿಸುಪಿಸು. ಅದರ ಮ್ಯಾನೇಜರು ಪೈಗಳು. ನೀಲವ್ವ ಅವರ ಹತ್ತಿರ ಹೋಗಿ ಮಗನಿಗೆ ಒಂದು ಕೆಲಸ ಕೊಡಿರೆಂದು ಕೇಳಿಕೊಂಡಳು. ನಿಮ್ಮ ಮುಖ ನೋಡಿ ಇಟ್ಟುಕೊಳ್ಳುತ್ತೇನೆ, ಆದರೆ ಅವನಿಂದ ಹೋಟೆಲಿನ ಹೆಸರು ಕೆಟ್ಟರೆ ನಾಳೆ ರೊಟ್ಟಿಯನ್ನೂ ಬೇರೆ ಕಡೆಯಿಂದ ತರಿಸಬೇಕಾಗುತ್ತದೆ ಅಂದರು ಪೈಗಳು. ನೀಲವ್ವ ಒಪ್ಪಿದಳು. ಒಪ್ಪಿ ಮನೆಗೆ ಬಂದ ಮೇಲೆ ಹೆದರಿದಳು.

ಮೊದಲ ದಿನ ಪೈಗಳು ಹೇಳಿದ ಬುದ್ಧಿ ಒಂದೇ. ಗಿರಾಕಿ ಏನೇ ಕೇಳಲಿ, ಇಲ್ಲ ಅನ್ನಬಾರದು.

ಮಧ್ಯಾಹ್ನ ಒಂದು ಕುಟುಂಬ ಬಂತು. ಮನೆಯ ಯಜಮಾನಿಗೆ ಎಲ್ಲದರ ಮೇಲೂ ಅನುಮಾನ. ಈ ಪಲ್ಯ ನಿನ್ನೇದೇನು ಅಂತ ಕೇಳಿದಳು. ಫಕೀರಪ್ಪ ಯೋಚಿಸಿದ. ಇಲ್ಲ ಅನ್ನಬಾರದು. "ನಿನ್ನೇದರೀ" ಅಂದ. ಆಕೆ ಚಮಚ ಕೆಳಗಿಟ್ಟು, ಹಾಗಾದರೆ ಅಡುಗೆಮನೆಯಲ್ಲಿ ಜಿರಳೆಯೂ ಇದ್ದಾವೇನು ಅಂದಳು. "ಅದಾವ್ರಿ" ಅಂದ. ಕುಟುಂಬ ಎದ್ದು ಹೋಯಿತು. ಬಾಗಿಲ ಬಳಿ ಗಿರಾಕಿಗಳ ಅಭಿಪ್ರಾಯಕ್ಕೆಂದೇ ಇಟ್ಟಿದ್ದ ದಪ್ಪ ಪುಸ್ತಕದಲ್ಲಿ ಒಂದು ಪುಟದ ತುಂಬ ಬರೆದೇ ಹೋಯಿತು. ಪಲ್ಯ ಅವತ್ತಿನದೇ ಆಗಿತ್ತು. ಜಿರಳೆಯ ಸುಳಿವೂ ಇರಲಿಲ್ಲ.

ಪೈಗಳು ಅವನನ್ನು ಮೂಲೆಗೆ ಕರೆದು ಬೈದರು. ನೀನು ಬಾಯಿ ಬಿಟ್ಟರೆ ಕೆಟ್ಟಿತು. ನಾಳೆಯಿಂದ ಗಿರಾಕಿಯ ಮುಂದೆ ಬಾಯಿ ಬಿಡಬೇಡ, ಸುಮ್ಮನೆ ನಗುತ್ತಾ ನಿಲ್ಲು ಅಂದರು.

ಮರುದಿನ ಒಬ್ಬ ವಕೀಲರು ಬಂದರು. ಪುಲಾವಿನಲ್ಲಿ ಕಲ್ಲು ಸಿಕ್ಕಿತು. ಕಟಕ್ ಅಂತು. ಹಲ್ಲು ಕಿತ್ತು ಕೈಗೆ ಬಂತು. ವಕೀಲರು ಹಲ್ಲನ್ನು ಎತ್ತಿ ಹಿಡಿದು ಏನಿದು ಅಂದರು. ಫಕೀರಪ್ಪ ನಕ್ಕ. ನಗುತ್ತೀಯಾ ಅಂದರು. ಇನ್ನಷ್ಟು ನಕ್ಕ. ಅವನಿಗೆ ಒಳಗೊಳಗೇ ಪಾಪ ಅನ್ನಿಸುತ್ತಿತ್ತು. ಏನು ಮಾಡುವುದು, ನಗು ಅಂದಿದ್ದರು, ನಕ್ಕ. ಪುಸ್ತಕದಲ್ಲಿ ಇನ್ನೊಂದು ಪುಟ ತುಂಬಿತು.

ಪೈಗಳು ತಲೆಗೆ ಕೈ ಹಚ್ಚಿ ಕೂತರು. ಗಿರಾಕಿಯ ಮುಖ ನೋಡಬೇಕು ಮಾರಾಯ, ಅವರು ಹೇಗಿರುತ್ತಾರೋ ನೀನೂ ಹಾಗೇ ಇರಬೇಕು, ಅವರಿಗೆ ನೋವಾದರೆ ನಿನಗೂ ನೋವಾಗಬೇಕು ಅಂದರು. ಫಕೀರಪ್ಪ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ. ಅವರು ಹೆಂಗೋ ನಾ ಹಂಗ. ಅವರು ಹೆಂಗೋ ನಾ ಹಂಗ.

ಮೂರನೆಯ ದಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದರು, ಹಂಚಿನಾಳ ಅಂತ. ಒಬ್ಬರೇ ಬಂದು ಒಂದು ಮೂಲೆ ಹಿಡಿದು ಕೂತರು. ಫಕೀರಪ್ಪನೂ ಎದುರಿಗೆ ಕೂತ. ಅವರು ಅನ್ನ ಕಲಸಿದರು, ಇವನೂ ಒಂದು ತಾಟು ತಂದು ಕಲಸಿದ. ಅವರು ಉಪ್ಪಿನಕಾಯಿ ನಂಜಿಕೊಂಡರು, ಇವನೂ ನಂಜಿಕೊಂಡ. ಮಾಸ್ತರರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಾತಿಗೆ ಸುರು ಮಾಡಿದರು. ಮಗಳು ದೂರದ ಊರಿನಲ್ಲಿರುವುದು, ಮನೆಯಲ್ಲಿ ಒಬ್ಬರೇ ಉಣ್ಣಲು ಮನಸ್ಸಾಗದೆ ಹೋಟೆಲಿಗೆ ಬರುವುದು, ಎಲ್ಲಾ ಹೇಳಿದರು. ಅವರು ನಿಟ್ಟುಸಿರು ಬಿಟ್ಟರೆ ಇವನೂ ಬಿಟ್ಟ. ಹೋಗುವಾಗ ಅವರು ಪುಸ್ತಕದಲ್ಲಿ ಬರೆದರು: "ಇಲ್ಲಿಗೆ ಆರನೇ ಸಲ ಬಂದೆ. ಊಟ ಮಾಡಿದ ಹಾಗೆ ಅನ್ನಿಸಿದ್ದು ಇವತ್ತೇ."

ಅದನ್ನು ಓದಿ ಪೈಗಳ ಮುಖ ಅರಳುವಷ್ಟರಲ್ಲಿ ಇನ್ನೊಂದು ಮೇಜಿನಿಂದ ಗದ್ದಲ ಕೇಳಿತು. ಅಲ್ಲಿ ಹೊಸದಾಗಿ ಮದುವೆಯಾದ ಜೋಡಿ ಕೂತಿತ್ತು. ಅತ್ತೆಯ ಮಾತು ಬಂದು ಗಂಡ ಮೇಜು ಗುದ್ದಿದ. ಫಕೀರಪ್ಪ ಹೋಗಿ ಅದೇ ಮೇಜು ಗುದ್ದಿದ. ಹೆಂಡತಿ ಅತ್ತಳು. ಪಕ್ಕಕ್ಕೆ ಕೂತು ಇವನೂ ಅತ್ತ. ಅವಳದು ನಿಂತರೂ ಇವನದು ನಿಲ್ಲಲಿಲ್ಲ. ಗಂಡಹೆಂಡತಿ ಜಗಳ ಮರೆತು ಇಬ್ಬರೂ ಸೇರಿ ಪೈಗಳಿಗೆ ದೂರು ಕೊಟ್ಟರು.

ಈ ಸಲ ಬೈಗುಳ ದೊಡ್ಡದಾಗಿತ್ತು. ಗಿರಾಕಿಯ ಹತ್ತಿರ ಸುಳಿಯಬೇಡ, ಒಂದು ಮಾರು ದೂರ ನಿಂತುಕೋ ಅಂದರು ಪೈಗಳು.

ಮರುದಿನ ಹತ್ತಿ ವ್ಯಾಪಾರಿ ಹಿರೇಗೌಡರು ಕೆಂಪು ಚಟ್ನಿ ತಿಂದು ಖಾರ ನೆತ್ತಿಗೇರಿ ನೀರು ಕೇಳಿದರು. ಫಕೀರಪ್ಪ ಓಡುತ್ತಾ ಜಗ್ಗು ತಂದ. ತಂದು ಒಂದು ಮಾರು ದೂರ ನಿಂತ. ಗೌಡರು ಬಾ ಅಂತ ಕೈ ಮಾಡಿದರು. ನಿಂತೇ ಇದ್ದ. ಗೌಡರು ಲೋಟ ಹಿಡಿದು ಎದ್ದು ಒಂದು ಹೆಜ್ಜೆ ಮುಂದೆ ಇಟ್ಟರು. ಇವನು ಒಂದು ಹೆಜ್ಜೆ ಹಿಂದೆ ಇಟ್ಟ. ಮುಂದೆ ಗೌಡರು, ಹಿಂದಕ್ಕೆ ಫಕೀರಪ್ಪ, ಹಾಗೇ ಮೇಜು ಸುತ್ತಿದರು, ಬಾಗಿಲು ದಾಟಿದರು, ರಸ್ತೆಗೆ ಬಂದರು, ಬಸ್ ಸ್ಟಾಪ್ ಮುಟ್ಟಿದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದ ಗೌಡರನ್ನು ನೋಡಿ ಇವನ ಕರುಳು ಕಿತ್ತು ಬಂತು. ಜಗ್ಗನ್ನು ನೆಲಕ್ಕಿಟ್ಟು, ತಾನು ಒಂದು ಮಾರು ಸರಿದು ನಿಂತ. ಗೌಡರು ಜಗ್ಗನ್ನೇ ಎತ್ತಿ ಕುಡಿದರು. ಪುಸ್ತಕದಲ್ಲಿ ಏನೂ ಬರೆಯದೆ ಹೊರಟುಹೋದರು. ಬರೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪೈಗಳಿಗೆ.

ಅವತ್ತು ಅವರು ಬೈಯಲೇ ಇಲ್ಲ. ನೀಲವ್ವನನ್ನು ಕರೆಸಿದರು. ನಾಳಿದ್ದು ಮುಧೋಳಕರ ಅಂತ ಒಬ್ಬರು ಬರುತ್ತಾರೆ, ಪತ್ರಿಕೆಯಲ್ಲಿ ಹೋಟೆಲುಗಳ ಬಗ್ಗೆ ಬರೆಯುವವರು, ಅವರು ನಾಲ್ಕು ಸಾಲು ಕೆಟ್ಟದ್ದು ಬರೆದರೆ ನಮ್ಮ ಬಾಗಿಲು ಮುಚ್ಚಿದ ಹಾಗೇ ಅಂದರು. "ಇದು ಕಡೇ ಸಲ, ನೀಲವ್ವ. ನಂಗೆ ಹೇಳಿ ಸಾಕಾಯ್ತು. ನೀವೇ ಹೇಳಿ."

ಅವತ್ತು ನೀಲವ್ವ ಮಗನನ್ನು ಮುಂದೆ ಕೂರಿಸಿಕೊಂಡಳು. ಏನು ಹೇಳಿದರೂ ಅಷ್ಟನ್ನೇ ಮಾಡುವವನಿಗೆ ಏನು ಹೇಳುವುದು? ಕಡೆಗೆ ಅವನ ಕೈ ಹಿಡಿದುಕೊಂಡಳು.

"ಬಂದವರು ನಮ್ಮ ಮನೀಗೆ ಬಂದಾರಂತ ತಿಳಕೋ. ನಮ್ಮ ಮನ್ಯಾಗ ಹೆಂಗೋ ಅಲ್ಲೂ ಹಂಗ ಮಾಡು. ಇದರಾಗ ತಪ್ಪಬ್ಯಾಡಪಾ."

"ತಪ್ಪಂಗಿಲ್ಲ, ಯವ್ವಾ" ಅಂದ.

ಆ ದಿನ ಬಂತು. ಪೈಗಳು ಮುಧೋಳಕರರನ್ನು ಕರೆತರಲು ತಾವೇ ರೈಲು ನಿಲ್ದಾಣಕ್ಕೆ ಹೋದರು. ಮುಧೋಳಕರರು ಕಾರಿನಲ್ಲಿ ಬಂದು ಸೀದಾ ಹೋಟೆಲಿನ ಮುಂದೆ ಇಳಿದರು.

ಬಾಗಿಲಲ್ಲಿ ಫಕೀರಪ್ಪ ತಂಬಿಗೆ ಹಿಡಿದು ನಿಂತಿದ್ದ. ಕಾಲು ತೊಳಕೊಂಡು ಬರ್ರಿ ಅಂದ. ಮುಧೋಳಕರರು ಅವನ ಮುಖ ನೋಡಿದರು, ತಂಬಿಗೆ ನೋಡಿದರು, ಬೂಟು ಬಿಚ್ಚಿದರು. ಒಳಗೆ ಮೇಜುಗಳನ್ನು ಗೋಡೆಗೆ ಸರಿಸಿ, ಅವುಗಳ ಬಿಳೀ ಬಟ್ಟೆಯನ್ನೇ ನೆಲಕ್ಕೆ ಹಾಸಿ ಆಗಿತ್ತು. ಆಗಲೇ ಬಂದಿದ್ದ ಏಳೆಂಟು ಗಿರಾಕಿಗಳು ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೆಲವರಿಗೆ ಕೋಪ ಬಂದಿತ್ತು, ಕೆಲವರಿಗೆ ಖುಷಿಯಾಗಿತ್ತು. ಉಳಿದ ಬಡಿಸುವವರು ಇದು ಪೈಗಳದೇ ಹೊಸ ಏರ್ಪಾಡು ಅಂದುಕೊಂಡು ತಾವೂ ಬಗ್ಗಿ ಬಗ್ಗಿ ಬಡಿಸುತ್ತಿದ್ದರು. ಮುಧೋಳಕರರು ಸಾಕು ಅಂದಾಗಲೆಲ್ಲ ಫಕೀರಪ್ಪ ಇನ್ನೊಂದು ರೊಟ್ಟಿ ಹಾಕಿದ. ಅವನ ಮನೆಯಲ್ಲಿ ಸಾಕು ಅಂದರೆ ಇನ್ನೊಂದು ಅಂತಲೇ ಅರ್ಥ.

ಊಟ ಮುಗಿಯಿತು. ಕೈ ಒರೆಸಿಕೊಂಡು ಎದ್ದವರಿಗೆ ಫಕೀರಪ್ಪ ದಾರಿ ಬಿಡಲಿಲ್ಲ. ಮನೆಯಲ್ಲಿ ಉಂಡ ಮೇಲೆ ಒಂದು ತಾಸು ಅಡ್ಡಾಗುವುದು ರೂಢಿ. ಪರದೆ ಎಳೆದ, ದೀಪ ಆರಿಸಿದ, ಮುಂಬಾಗಿಲಿಗೆ ಅಗುಳಿ ಹಾಕಿದ. ಒಬ್ಬರು ಕೂಗಾಡಿದರು. ಮಲಗಿದವರಿಗೆ ಎಚ್ಚರಾಗ್ತದ್ರಿ ಅಂತ ಇವನು ಬಾಯಿ ಮೇಲೆ ಬೆರಳಿಟ್ಟ. ಐದು ರೊಟ್ಟಿ ತಿಂದಿದ್ದ ಮುಧೋಳಕರರು ಆಗಲೇ ಗೊರಕೆ ಹೊಡೆಯುತ್ತಿದ್ದರು. ತಂಪು ಗಾಳಿಗೆ ಒಬ್ಬೊಬ್ಬರಾಗಿ ಉಳಿದವರೂ ಮಲಗಿದರು.

ಪೈಗಳು ನಿಲ್ದಾಣದಲ್ಲಿ ಎರಡು ರೈಲು ನೋಡಿ, ಬೆವರು ಸುರಿಸುತ್ತಾ ವಾಪಸು ಬಂದರೆ ಬಾಗಿಲು ಹಾಕಿತ್ತು. ಬಡಿದರು. ಒಳಗಿನಿಂದ ಫಕೀರಪ್ಪ ಮೆಲ್ಲನೆ, ಎಲ್ಲಾರೂ ಮಲಗ್ಯಾರ್ರಿ, ಸಂಜಿಗೆ ಬರ್ರಿ ಅಂದ. ಅಷ್ಟರಲ್ಲಿ ರೊಟ್ಟಿಯ ಬುಟ್ಟಿ ಹೊತ್ತು ನೀಲವ್ವ ಬಂದಳು. ಆಕೆಗೂ ಅದೇ ಉತ್ತರ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾಲ್ಕೂವರೆಗೆ ಅಗುಳಿ ತೆಗೆದ ಸದ್ದಾಯಿತು. ಪೈಗಳು ಒಳಗೆ ನುಗ್ಗಿದರು. ಗಿರಾಕಿಗಳು ಮುಖ ತೊಳೆದುಕೊಂಡು ಕೂತಿದ್ದರು. ಮುಧೋಳಕರರು ಎಲ್ಲಿ ಅಂದರೆ, ಅಡಿಗಿ ಮನ್ಯಾಗ ಅದಾರ್ರಿ ಅಂದ ಫಕೀರಪ್ಪ. ಮೊದಲು ಎದ್ದವರೇ ಚಾ ಮಾಡುವುದು ಅವನ ಮನೆಯ ಪದ್ಧತಿ. ಇವತ್ತು ಮೊದಲು ಎದ್ದವರು ಮುಧೋಳಕರರು.

ಅವರು ತೋಳು ಮಡಚಿಕೊಂಡು ಎಲ್ಲರಿಗೂ ಚಾ ಸೋಸುತ್ತಿದ್ದರು. ಪೈಗಳು ಕೈ ಮುಗಿದು ತಪ್ಪಾಯಿತು ಅನ್ನುವ ಮೊದಲೇ ಒಂದು ಕಪ್ಪು ಅವರ ಕೈಗೆ ಕೊಟ್ಟರು.

"ನಲವತ್ತು ವರ್ಷದಿಂದ ಹೋಟೆಲಿನಾಗ ಉಣ್ಣಾಕತ್ತೀನಿ" ಅಂದರು. "ಮಲಗು ಅಂದವರು ಇವನೊಬ್ಬನೇ. ಬರೀತೀನಿ. ಚಲೋದು ಬರೀಲೋ, ಕೆಟ್ಟದ್ದು ಬರೀಲೋ, ಇನ್ನೂ ತಿಳೀವಲ್ದು. ರೊಟ್ಟಿ ಮಾತ್ರ ಈ ತಾಯೀವೇ ಇರಲಿ."

ಬಾಗಿಲಲ್ಲಿ ನಿಂತಿದ್ದ ನೀಲವ್ವ ಬುಟ್ಟಿ ಕೆಳಗಿಟ್ಟು ಗೋಡೆಗೆ ಒರಗಿದಳು. ಪೈಗಳಿಗೂ ಹೋದ ಜೀವ ಬಂದ ಹಾಗಾಯಿತು. ಕೂತು ನಿಧಾನವಾಗಿ ಚಾ ಕುಡಿದರು. ಉಳಿದವರದೆಲ್ಲ ಆಗಲೇ ಮುಗಿದಿತ್ತು.

ಫಕೀರಪ್ಪ ಎಲ್ಲರ ಖಾಲಿ ಕಪ್ಪುಗಳನ್ನೂ ಒಟ್ಟು ಮಾಡಿ ತಂದು ಪೈಗಳ ಮುಂದೆ ಇಟ್ಟ.

"ಸಾಹೇಬ್ರ, ನಮ್ಮ ಮನ್ಯಾಗ ಕಡೀಕ ಕುಡದವರು ತೊಳೀತಾರ್ರಿ."