ಗಂಟೆ ಆಚಾರಿಯ ಎಲೆಅಡಿಕೆ

ನೇರಳೆಕೋಟೆಯ ಕಸ್ತೂರಿ ನಾಯಕರ ಆಸ್ಥಾನದಲ್ಲಿ ಸುಬ್ಬಕೃಷ್ಣಯ್ಯ ಅಂತ ಒಬ್ಬ ಪಾರುಪತ್ಯಗಾರರಿದ್ದರು. ಅರಮನೆಯ ಉಗ್ರಾಣ, ಕಾರ್ಖಾನೆಗಳು ಎಲ್ಲಾ ಅವರ ಕೈಯಲ್ಲಿ, ಬೀಗದ ಕೈಗಳೆಲ್ಲಾ ಅವರ ಸೊಂಟದಲ್ಲಿ. ಖರ್ಚು ಉಳಿಸುವುದೆಂದರೆ ಅವರಿಗೆ ಹೋಳಿಗೆ ಉಂಡಷ್ಟು ಖುಷಿ. ಆದರೆ ಉಳಿಸುವುದೆಲ್ಲಾ ಬೇರೆಯವರ ಅನ್ನದಲ್ಲಿ.

ಒಂದು ದಿನ ಓಲಗದಲ್ಲಿ ಎದ್ದುನಿಂತು ಕೊಚ್ಚಿಕೊಂಡರು.

"ಪ್ರಭು, ವಯಸ್ಸಾದ ಕೆಲಸಗಾರರನ್ನು ಯಾಕೆ ಸಾಕಬೇಕು? ಒಂದು ತಿಂಗಳಲ್ಲಿ ಕಸುಬನ್ನು ಕಿರಿಯರಿಗೆ ಕಲಿಸಿಕೊಡಲಿ, ಮಾರನೇ ದಿನ ಮನೆಗೆ ಹೋಗಲಿ. ತಿಂಗಳಲ್ಲಿ ಕಲಿಸಲಾಗದ ಕೆಲಸ ಈ ಭೂಮಿಯ ಮೇಲೇ ಇಲ್ಲ."

ನಾಯಕರು ತಲೆಯಾಡಿಸಿದರು. ಮೊದಲು ಸಿಕ್ಕಿದವನು ಕುದುರೆ ಜೀನು ಹೊಲಿಯುವ ಮುದುಕ. ಪಾಪ, ನಂಬಿ ಎಲ್ಲಾ ಕಲಿಸಿಕೊಟ್ಟ. ಮಾರನೇ ದಿನ ಅರಮನೆಯ ಊಟ ತಪ್ಪಿತು, ಈಗ ಗುಡಿಯ ಜಗಲಿಯ ಮೇಲೆ ಕೂತಿದ್ದಾನೆ. ಇದನ್ನು ಇಡೀ ಕಾರ್ಖಾನೆ ನೋಡಿತ್ತು.

ಆಮೇಲಿನ ಸರದಿ ಗಂಟೆ ಎರಕದ ಮಾನಾಚಾರಿಯದು. ಅವನು ಎರಕ ಹೊಯ್ದ ಗಂಟೆ ಬಾರಿಸಿದರೆ ಊರಾಚೆ ಉಳುವವರೂ ನೇಗಿಲು ನಿಲ್ಲಿಸಿ ತಲೆ ಎತ್ತುತ್ತಿದ್ದರು. ಅವನಿಗೆ ಶಿಷ್ಯನಾಗಿ ಬಂದವನು ಅವನ ಅಕ್ಕನ ಮಗ ವೀರಾಚಾರಿ, ಹೆಂಡತಿ ಮಕ್ಕಳಿರುವ ಗಟ್ಟಿ ಆಳು. ತಿಂಗಳು ಕಳೆಯಿತು. ಶಿಷ್ಯ ಹೊಯ್ದ ಗಂಟೆಯನ್ನು ಹೆಬ್ಬಾಗಿಲಿಗೆ ಕಟ್ಟಿ, ಪಕ್ಕದ ರಾಜ್ಯದ ರಾಯಭಾರಿಯನ್ನೂ ಕರೆಸಿ, ನಾಯಕರು ತಮ್ಮ ಕೈಯಾರೆ ಬಾರಿಸಿದರು. ಗಂಟೆ "ಲೊಟ್" ಅಂದಿತು, ಅಂಬಲಿ ಮಡಕೆಗೆ ಸೌಟು ತಗುಲಿದ ಹಾಗೆ. ರಾಯಭಾರಿ ನಗು ತಡೆಯಲಾರದೆ ಕೆಮ್ಮಿದ.

ನಾಯಕರ ಮುಖ ಕೆಂಪಗಾಯಿತು. ಮುದುಕನಿಗೆ ಕೊಬ್ಬು, ಬೇಕಂತಲೇ ಕಲಿಸಿಲ್ಲ ಅಂತ ಪಾರುಪತ್ಯಗಾರರು ಕಿವಿ ಊದಿದರು. ಅಮಾವಾಸ್ಯೆಯೊಳಗೆ ಕಲಿಸದಿದ್ದರೆ ಮಾನಾಚಾರಿಗೆ ಗಡೀಪಾರು ಅಂತ ಅಪ್ಪಣೆಯಾಯಿತು.

ಆಸ್ಥಾನದಲ್ಲಿ ಬೊಮ್ಮರಸ ಅಂತ ಒಬ್ಬ ಇದ್ದ. ನಾಯಕರನ್ನು ನಗಿಸುವುದು ಅವನ ಕೆಲಸ, ಯಾರಾದರೂ ಜಂಬ ಕೊಚ್ಚಿದರೆ ಕೈ ತುರಿಸುವುದು ಅವನ ರೋಗ. ಅವತ್ತೇ ಎರಕದ ಮನೆಗೆ ಹೋದ. ವೀರಾಚಾರಿ ದೂರು ಹೇಳಿಕೊಂಡ. ತಾಮ್ರ ಕರಗಿ, ತವರ ಬೆರೆಸುವ ಹೊತ್ತಿಗೆ ಸರಿಯಾಗಿ ಮಾವ ಎಲೆಅಡಿಕೆ ತಾ ಅಂತ ಅಂಗಡಿಗೆ ಅಟ್ಟುತ್ತಾನಂತೆ. ಇವನು ವಾಪಸು ಬರುವಷ್ಟರಲ್ಲಿ ಎಲ್ಲಾ ಅಚ್ಚಿಗೆ ಇಳಿದಿರುತ್ತದಂತೆ.

ಮಾನಾಚಾರಿ ಇಲ್ಲ ಅನ್ನಲಿಲ್ಲ. ಶಿಷ್ಯನನ್ನು ಆಚೆ ಕಳಿಸಿ, ತಣ್ಣಗಾದ ಕುಲುಮೆಯ ಪಕ್ಕ ಕೂತು ಹೇಳಿದ.

"ಇದೆಲ್ಲಾ ನನ್ನ ಜೊತೆಗೇ ಮಣ್ಣಾಗಲಿ ಅಂತ ನನಗೂ ಆಸೆಯಿಲ್ಲ, ಬೊಮ್ಮರಸಯ್ಯನವರೇ. ಕಲಿಸಬಾರದು ಅಂತಲ್ಲ. ಕಲಿಸಿದ ಮಾರನೇ ದಿನ ನನ್ನ ತಟ್ಟೆ ಕಿತ್ತುಕೊಂಡರೆ ನನ್ನ ಗತಿ ಏನು?"

ಮುದುಕನ ಕಣ್ಣು ಒದ್ದೆಯಾಗಿತ್ತು. ಬೊಮ್ಮರಸ ಒಂದು ಎಲೆ ಕೇಳಿ ಹಾಕಿಕೊಂಡು ಎದ್ದುಬಂದ.

ಮರುದಿನ ಓಲಗದಲ್ಲಿ ಕೈಮುಗಿದು ನಿಂತು ಪಾರುಪತ್ಯಗಾರರನ್ನು ಹೊಗಳಿದ್ದೇ ಹೊಗಳಿದ್ದು. ಇಷ್ಟು ಒಳ್ಳೆಯ ಕಟ್ಟಳೆ ಬರೀ ಕಾರ್ಖಾನೆಗೇ ಯಾಕೆ? ಅಯ್ಯನವರ ತಲೆಯೂ ನರೆತಿದೆ. ಪಾರುಪತ್ಯವನ್ನು ತಿಂಗಳಲ್ಲಿ ತನಗೆ ಕಲಿಸಿಕೊಟ್ಟು ಅವರೂ ಮೊಮ್ಮಕ್ಕಳ ಜೊತೆ ಹಾಯಾಗಿರಲಿ. ಅದನ್ನು ನೋಡಿ ಮಾನಾಚಾರಿಗೂ ಬುದ್ಧಿ ಬರುತ್ತದೆ, ಅಲ್ಲಿಯವರೆಗೆ ಗಡೀಪಾರು ನಿಲ್ಲಲಿ ಅಂದ. ಪಾರುಪತ್ಯಗಾರರ ಮುಖ ನೋಡಬೇಕಿತ್ತು. ತಾವೇ ಆಡಿದ ಮಾತು, ಬೇಡ ಅನ್ನುವುದು ಹೇಗೆ? ನಾಯಕರು ಆಗಲಿ ಅಂದುಬಿಟ್ಟರು.

ಅವತ್ತಿನಿಂದ ಬೊಮ್ಮರಸ ಅವರ ಬೆನ್ನು ಬಿಡಲಿಲ್ಲ. ಉಗ್ರಾಣದ ಬೀಗ ತೆಗೆಯುವ ಹೊತ್ತಿಗೆ ಅಯ್ಯನವರು "ಸ್ವಲ್ಪ ನಶ್ಯ ತಗೊಂಡು ಬಾರಪ್ಪ" ಅನ್ನುವರು. ಇವನು ಬರುವಷ್ಟರಲ್ಲಿ ಬೀಗ ಬಿದ್ದಿರುವುದು. ತುಪ್ಪದ ವ್ಯಾಪಾರಿ ಬಂದರೆ ನಶ್ಯ. ಆನೆ ಲಾಯದ ಮೇವು ಅಳೆಯಬೇಕಾದರೆ ಮತ್ತೆ ನಶ್ಯ. ಬೊಮ್ಮರಸ ಒಂದು ಸಲವೂ ಗೊಣಗಲಿಲ್ಲ. ತಂದುಕೊಟ್ಟು, ಅಯ್ಯನವರು ಏರಿಸುವವರೆಗೆ ಭಕ್ತಿಯಿಂದ ಎದುರಿಗೇ ನಿಂತಿರುತ್ತಿದ್ದ. ಏರಿಸದೆ ಅವರು ಏನು ಮಾಡಿಯಾರು? ಮೂಗು ಬದನೆಕಾಯಿಯಾಯಿತು.

ತಿಂಗಳು ಮುಗಿದು ಪರೀಕ್ಷೆಯ ದಿನ ಬಂತು. ಉಗ್ರಾಣದಲ್ಲಿ ರಾಗಿ ಎಷ್ಟಿದೆ ಅಂತ ನಾಯಕರು ಕೇಳಿದರು. ಗೊತ್ತಿಲ್ಲ ಅಂದ ಬೊಮ್ಮರಸ. ತುಪ್ಪ ಏನು ಬೆಲೆಗೆ ಕೊಳ್ಳುತ್ತೇವೆ? ಅದೂ ಗೊತ್ತಿಲ್ಲ.

"ಮತ್ತೆ ತಿಂಗಳೆಲ್ಲಾ ಏನು ಕಲಿತೆ?"

"ನಶ್ಯದಂಗಡಿಗೆ ಕಣ್ಣು ಮುಚ್ಚಿಕೊಂಡು ಹೋಗಿಬರಬಲ್ಲೆ, ಪ್ರಭು."

ನಾಯಕರು ಪಾರುಪತ್ಯಗಾರರ ಕಡೆ ತಿರುಗಿದರು. ಅವರು ಒಂದು ಸಲ ಸೀನಿದರು, ಸೀನಿನ ಹಿಂದೆಯೇ ನಿಜವೂ ಹೊರಗೆ ಬಂತು.

"ಇದು ತಿಂಗಳಲ್ಲಿ ಬರುವ ವಿದ್ಯೆಯಲ್ಲ, ಪ್ರಭು. ಅಲ್ಲದೆ ಎಲ್ಲಾ ಇವನಿಗೆ ಹೇಳಿಕೊಟ್ಟರೆ ನಾಳೆ ನನ್ನ ಗತಿ ಏನು?"

"ಮಾನಾಚಾರಿಯೂ ಇದೇ ಮಾತು ಕೇಳಿದ, ಪ್ರಭು," ಅಂದ ಬೊಮ್ಮರಸ. "ಅಲ್ಲಿ ಎಲೆಅಡಿಕೆ, ಇಲ್ಲಿ ನಶ್ಯ. ವ್ಯತ್ಯಾಸ ಅಷ್ಟೇ."

ಎಲೆಅಡಿಕೆಯ ಕತೆಯನ್ನು ಬಿಡಿಸಿ ಹೇಳಿದ ಮೇಲೆ ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸುಬು ಕಲಿಸಿದವರಿಗೆ ಬದುಕಿರುವವರೆಗೂ ಅರಮನೆಯ ಊಟ, ಶಿಷ್ಯನ ಕೆಲಸ ಚೆನ್ನಾಗಿ ಬಂದರೆ ಮೊದಲ ಶಾಲು ಗುರುವಿಗೆ ಅಂತ ಹೊಸ ಕಟ್ಟಳೆಯಾಯಿತು. ಜಗಲಿಯ ಮೇಲಿದ್ದ ಜೀನಿನ ಮುದುಕನನ್ನೂ ಕರೆತಂದರು. ಕಟ್ಟಳೆಯನ್ನು ಓದಿ ಹೇಳುವ ಭಾಗ್ಯ ಸುಬ್ಬಕೃಷ್ಣಯ್ಯನವರಿಗೇ ಸಿಕ್ಕಿತು, ಸೀನುತ್ತಾ ಸೀನುತ್ತಾ ಓದಿದರು.

ಮಾನಾಚಾರಿ ಅಕ್ಕನ ಮಗನನ್ನು ಕುಲುಮೆಯ ಮುಂದೆ ನಿಲ್ಲಿಸಿಕೊಂಡ. ಹದವನ್ನು ಬಾಯಲ್ಲಿ ಹೇಳಿದ, ಕೈ ಹಿಡಿದು ತೋರಿಸಿದ, ತಪ್ಪಿದಾಗ ಬೈದ, ಮತ್ತೆ ತೋರಿಸಿದ. ವರ್ಷದ ಮೇಲೆ ಒಂದು ದಿನ, ತವರ ಬೆರೆಸುವ ಹೊತ್ತಿಗೆ ಸರಿಯಾಗಿ, "ನೀನು ನೋಡಿಕೋ" ಅಂದು ಎಲೆಅಡಿಕೆ ತರಲು ತಾನೇ ಎದ್ದುಹೋದ. ಆ ಗಂಟೆಯನ್ನು ಹೆಬ್ಬಾಗಿಲಿಗೆ ಕಟ್ಟಿ ಬಾರಿಸಿದಾಗ ಊರಾಚೆ ನೇಗಿಲುಗಳು ನಿಂತವು.

ಅವತ್ತು ನಾಯಕರು ಬೊಮ್ಮರಸನಿಗೆ ಚಿನ್ನದ ಕಡಗ ತೊಡಿಸಿ, ನಿನಗೂ ವಯಸ್ಸಾಯಿತಲ್ಲಯ್ಯ, ನಿನ್ನ ಜಾಣತನವನ್ನು ಯಾರಿಗಾದರೂ ಕಲಿಸಿ ಮನೆಗೆ ಹೋಗಬಾರದೇ ಅಂತ ಕೆಣಕಿದರು.

"ಕಲಿಸಲು ಶುರುಮಾಡಿ ಎಷ್ಟೋ ವರ್ಷವಾಯಿತು, ಪ್ರಭು," ಅಂದ ಬೊಮ್ಮರಸ, ಕಡಗ ತಿರುಗಿಸಿ ನೋಡುತ್ತಾ. "ಶಿಷ್ಯರು ಸಿಂಹಾಸನದ ಮೇಲೇ ಕೂತಿದ್ದಾರೆ. ಆದರೆ ಒಂದೊಂದು ಪಾಠಕ್ಕೂ ಇಷ್ಟಿಷ್ಟು ದಿನ ಹಿಡಿದರೆ, ನಾನು ಈ ಜನ್ಮದಲ್ಲಿ ಮನೆಗೆ ಹೋಗುವ ಹಾಗೆ ಕಾಣುವುದಿಲ್ಲ."